ಹಿತ್ತಾಳೆಯ ಬಿಲ್ಲೆಯೂ ಆಕಾಶದ ಉಪಗ್ರಹವೂ

ರೈಲು ನಿಲ್ದಾಣದ ಹಳದಿ ಹಲಗೆಯ ಮೇಲೆ ಊರಿನ ಹೆಸರಿನೊಡನೆ ಸಮುದ್ರಮಟ್ಟದಿಂದ ಆ ಸ್ಥಳದ ಎತ್ತರವನ್ನೂ ಬರೆದಿರುವುದನ್ನು ವಾಚಕರು ಕಂಡೇ ಇರುತ್ತಾರೆ. ಸಮುದ್ರದಿಂದ ನೂರಾರು ಕಿಲೋಮೀಟರು ದೂರದಲ್ಲಿರುವ ಬಯಲುಸೀಮೆಯ ಊರಿಗೆ ಈ ಸಂಖ್ಯೆ ಎಲ್ಲಿಂದ ಬಂದಿತು? ಅದನ್ನು ಅಳೆದವರು ಯಾರು? ಅಂಗೈಯಗಲದ ಮೊಬೈಲೇ ಉಪಗ್ರಹಗಳ ನೆರವಿನಿಂದ ಎತ್ತರವನ್ನು ಹೇಳಬಲ್ಲ ಈ ಕಾಲದಲ್ಲಿ ಆ ಹಳೆಯ ಅಳತೆಗಳಿಗೆ ಇನ್ನು ಬೆಲೆಯುಂಟೆ?

ಉಂಟು ಎಂಬುದೇ ಉತ್ತರ. ಅಷ್ಟೇ ಅಲ್ಲ, ಹಳೆಯ ಅಳತೆಯ ಸಹಾಯವಿಲ್ಲದಿದ್ದರೆ ಉಪಗ್ರಹವು ಕೊಡುವ ಎತ್ತರದಿಂದ ಒಂದು ಕಾಲುವೆಯನ್ನೂ ನಂಬಿಕೆಯಿಂದ ತೋಡಲಾಗದು. ಹಳೆಯದನ್ನೂ ಹೊಸದನ್ನೂ ಒಂದಕ್ಕೊಂದು ಜೋಡಿಸುವ ಕೆಲಸವನ್ನು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸಾವಿರಾರು ಭೂಮಾಪಕರು ಸಂಬಳವನ್ನು ನಿರೀಕ್ಷಿಸದೆ ತಮ್ಮ ಬಿಡುವಿನ ವೇಳೆಯಲ್ಲಿ ಮಾಡಿಕೊಟ್ಟಿದ್ದಾರೆ. ಆ ಕೆಲಸದ ಬಗೆ ಹೇಗೆ, ಅದರ ಅಗತ್ಯ ಏನು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಮಟ್ಟಗುರುತು ಎಂದರೇನು?

ಬೆಂಚ್ ಮಾರ್ಕ್ ಎಂಬ ಮಾತು ಈಗ ಎಲ್ಲ ವ್ಯವಹಾರಗಳಲ್ಲಿಯೂ ಕೇಳಿಬರುತ್ತದೆ. ಆದರೆ ಅದು ಹುಟ್ಟಿದುದು ಮೋಜಣಿಯಲ್ಲಿ. ಹಿಂದೆ ಭೂಮಾಪಕರು ಗಟ್ಟಿಯಾದ ಕಲ್ಲಿನಲ್ಲಿ ಅಡ್ಡಗೆರೆಯೊಂದನ್ನು ಕೊರೆದು, ಅದರಲ್ಲಿ ಕಬ್ಬಿಣದ ಪಟ್ಟಿಯನ್ನು ಸಿಕ್ಕಿಸಿ, ಅಳತೆಗೋಲನ್ನು ನಿಲ್ಲಿಸಲು ಪುಟ್ಟ ಪೀಠವನ್ನು ಮಾಡಿಕೊಳ್ಳುತ್ತಿದ್ದರು. ಆ ಪೀಠದ ಗುರುತೇ ಬೆಂಚ್ ಮಾರ್ಕ್. ನಾವು ಇದನ್ನು ಮಟ್ಟಗುರುತು ಎಂದು ಕರೆಯೋಣ. ಅಮೆರಿಕದಲ್ಲಿ ಇದು ಸಾಮಾನ್ಯವಾಗಿ ಅಂಗೈಯಷ್ಟು ಅಗಲದ ಲೋಹದ ಬಿಲ್ಲೆ. ಹಿತ್ತಾಳೆಯದೋ ಕಂಚಿನದೋ ಆಗಿರುತ್ತದೆ. ನ್ಯಾಯಾಲಯದ ಮೆಟ್ಟಿಲು, ಸೇತುವೆಯ ಕಟ್ಟೆ, ಬಂಡೆ, ನೆಲದಲ್ಲಿ ಹೂತ ಕಾಂಕ್ರೀಟು ಕಂಬ, ಇಂತಹ ಅಲುಗದ ಸ್ಥಳಗಳಲ್ಲಿ ಅದನ್ನು ಕೂರಿಸಿರುತ್ತಾರೆ. ಇದನ್ನು ಕದಲಿಸಿದವರಿಗೆ 250 ಡಾಲರು ದಂಡ ಅಥವಾ ಸೆರೆವಾಸ ಎಂಬ ಎಚ್ಚರಿಕೆಯನ್ನು ಹಳೆಯ ಬಿಲ್ಲೆಗಳ ಮೇಲೆಯೇ ಅಚ್ಚೊತ್ತಿರುವುದುಂಟು.

ಈ ಗುರುತುಗಳ ಎತ್ತರವನ್ನು ಕಂಡುಹಿಡಿಯುವ ವಿಧಾನ ಬಲು ಸರಳ. ರಸಮಟ್ಟವನ್ನು ಅಳವಡಿಸಿದ ದುರ್ಬೀನನ್ನು ಎರಡು ಅಳತೆಗೋಲುಗಳ ಸರಿಮಧ್ಯದಲ್ಲಿ ನಿಲ್ಲಿಸಬೇಕು. ಹಿಂದಿನ ಗೋಲಿನ ಮೇಲಣ ಅಂಕಿಯನ್ನು ಓದಿ, ಬಳಿಕ ಮುಂದಿನದನ್ನು ಓದಿ, ಒಂದರಿಂದ ಇನ್ನೊಂದನ್ನು ಕಳೆದರೆ ಎರಡು ಸ್ಥಳಗಳ ಎತ್ತರದ ಅಂತರ ದೊರೆಯುತ್ತದೆ. ಬಳಿಕ ಹಿಂದಿನ ಗೋಲನ್ನು ಮುಂದಕ್ಕೆ ಒಯ್ದು, ದುರ್ಬೀನನ್ನೂ ಮುಂದೆ ಸಾಗಿಸಿ, ಮತ್ತೆ ಹಾಗೆಯೇ ಮಾಡಬೇಕು. ಕಡಲ ತೀರದಲ್ಲಿ ಉಬ್ಬರವಿಳಿತಗಳನ್ನು ವರ್ಷಗಟ್ಟಲೆ ಅಳೆದು ನಿರ್ಧರಿಸಿದ ಸರಾಸರಿ ಸಮುದ್ರಮಟ್ಟದಿಂದ ಹೊರಟು, ಹೀಗೆ ಹೆಜ್ಜೆಹೆಜ್ಜೆಯಾಗಿ ದೇಶದ ಒಡಲಿನವರೆಗೂ ಎತ್ತರವನ್ನು ಹೊತ್ತು ತರುತ್ತಾರೆ.

ಅಮೆರಿಕದ ಕರಾವಳಿ ಮೋಜಣಿಯವರು ಉನ್ನತ ದರ್ಜೆಯ ಇಂತಹ ಅಳತೆಯನ್ನು ಮೊದಲು ಮಾಡಿದುದು 1856-57ರಲ್ಲಿ, ಹಡ್ಸನ್ ನದಿಯ ದಡದಲ್ಲಿ. 1929ರ ವೇಳೆಗೆ ಆ ದೇಶದಲ್ಲಿಯೂ ಕೆನಡದಲ್ಲಿಯೂ ಸೇರಿ ಸುಮಾರು ಒಂದು ಲಕ್ಷ ಕಿಲೋಮೀಟರು ಉದ್ದದ ಅಳತೆ ಮುಗಿದಿತ್ತು. ಅವೆಲ್ಲವನ್ನೂ ಒಂದೇ ಲೆಕ್ಕಕ್ಕೆ ತರುವಾಗ ತೀರದ 26 ಕೇಂದ್ರಗಳ ಸಮುದ್ರಮಟ್ಟವನ್ನು ಸೊನ್ನೆಯೆಂದು ಹಿಡಿದರು. ಆದರೆ ಸಮುದ್ರವು ಎಲ್ಲೆಡೆಯೂ ಒಂದೇ ಮಟ್ಟದಲ್ಲಿರುವುದಿಲ್ಲ. ಪ್ರವಾಹ, ಉಷ್ಣತೆ, ಲವಣಾಂಶ, ಗಾಳಿ ಇವುಗಳಿಂದಾಗಿ ಪೆಸಿಫಿಕ್ ತೀರದ ನೀರು ಅಟ್ಲಾಂಟಿಕ್ ತೀರದ ನೀರಿಗಿಂತ ಕೆಲವು ಗೇಣುಗಳಷ್ಟು ಮೇಲಿದೆ. ಬೇರೆಬೇರೆ ಮಟ್ಟದಲ್ಲಿರುವ 26 ಸ್ಥಳಗಳನ್ನೂ ಸೊನ್ನೆಯೆಂದು ಕರೆದುದರಿಂದ ಇಡೀ ಜಾಲವು ಅಲ್ಲಲ್ಲಿ ಸೊಟ್ಟಗಾಯಿತು.

ಮುಂದೆ ಆರು ಲಕ್ಷ ಕಿಲೋಮೀಟರಿಗೂ ಹೆಚ್ಚಿನ ಹೊಸ ಅಳತೆಗಳು ಸೇರಿದ ಮೇಲೆ ಲೆಕ್ಕವನ್ನು ಪುನಃ ಮಾಡಿದರು. 1991ರಲ್ಲಿ ಮುಗಿದ ಈ ವ್ಯವಸ್ಥೆಗೆ 1988ರ ಉತ್ತರ ಅಮೆರಿಕ ಆಧಾರಮಟ್ಟ ಎಂದು ಹೆಸರು. ಈ ಸಾರಿ ಒಂದೇ ಒಂದು ಕೇಂದ್ರವನ್ನು ಆಧಾರವಾಗಿ ಹಿಡಿದರು. ಅದು ಕೆನಡದಲ್ಲಿ ಸೇಂಟ್ ಲಾರೆನ್ಸ್ ನದಿಯ ದಡದ ರಿಮೂಸ್ಕಿ ಎಂಬ ಸ್ಥಳ. ಸೊಟ್ಟಾಗುವ ದೋಷವೇನೋ ತಪ್ಪಿತು. ಆದರೆ ಇನ್ನೊಂದು ಉಳಿಯಿತು. ದುರ್ಬೀನನ್ನು ನಿಲ್ಲಿಸಿದ ಪ್ರತಿಯೊಂದು ಸ್ಥಳದಲ್ಲಿಯೂ ಕೂದಲೆಳೆಯಷ್ಟು ತಪ್ಪು ಬರುತ್ತದೆ. ಹನಿಹನಿಗೂಡಿದರೆ ಹಳ್ಳವಲ್ಲವೆ? ರಿಮೂಸ್ಕಿಯಿಂದ ದೂರ ಹೋದಂತೆಲ್ಲ ಈ ತಪ್ಪು ಬೆಳೆಯುತ್ತ ಹೋಯಿತು. 2002ರಲ್ಲಿ ಹಾರಿಬಿಟ್ಟ ಗ್ರೇಸ್ ಎಂಬ ಅವಳಿ ಉಪಗ್ರಹಗಳು ಭೂಮಿಯ ಗುರುತ್ವವನ್ನು ಅಳೆದ ಮೇಲೆ ಇದರ ಪ್ರಮಾಣ ಸ್ಪಷ್ಟವಾಯಿತು. ಆಧಾರಮಟ್ಟವು ಒಟ್ಟಿನಲ್ಲಿ ಸುಮಾರು ಅರ್ಧ ಮೀಟರಿನಷ್ಟು ತಪ್ಪಿದೆ. ಜೊತೆಗೆ ಒಂದು ತೀರದಿಂದ ಇನ್ನೊಂದು ತೀರಕ್ಕೆ ಸುಮಾರು ಒಂದು ಮೀಟರಿನಷ್ಟು ಓರೆಯಾಗಿದೆ.

ಎರಡು ಬಗೆಯ ಎತ್ತರ

ಹಾಗಾದರೆ ಹಳೆಯ ಬಿಲ್ಲೆಗಳನ್ನೆಲ್ಲ ಬಿಟ್ಟು ಉಪಗ್ರಹವನ್ನೇ ನಂಬಬಾರದೇಕೆ ಎಂದು ವಾಚಕರು ಕೇಳಬಹುದು. ಇಲ್ಲಿಯೇ ವಿಷಯದ ತಿರುಳಿದೆ.

ಭೂಮಿಯು ಧ್ರುವಗಳಲ್ಲಿ ತುಸು ಚಪ್ಪಟೆಯಾದ ಗೋಲವೆಂದು ನಾವು ಶಾಲೆಯಲ್ಲಿ ಕಲಿತಿದ್ದೇವೆ. ಅಂತಹ ನುಣುಪಾದ ಆಕೃತಿಯೊಂದನ್ನು ಗಣಿತಜ್ಞರು ಸೂತ್ರದಿಂದ ರಚಿಸಿಕೊಂಡಿದ್ದಾರೆ. ಇದನ್ನು ಗಣಿತಗೋಲವೆಂದು ಕರೆಯೋಣ. ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಜಿ.ಪಿ.ಎಸ್. ಉಪಗ್ರಹಗಳ ಸಂಕೇತಗಳಿಂದ ನಾವು ಲೆಕ್ಕಹಾಕುವ ಎತ್ತರವು ಈ ಗಣಿತಗೋಲದಿಂದ ಮೇಲಕ್ಕೆ ಅಳೆದುದು. ಆದರೆ ನೀರಿಗೆ ಗಣಿತಗೋಲದ ಪರಿಚಯವಿಲ್ಲ. ನೀರು ಗುರುತ್ವದ ಆಜ್ಞೆಯನ್ನು ಮಾತ್ರ ಪಾಲಿಸುತ್ತದೆ. ಭೂಗರ್ಭದಲ್ಲಿ ಒಂದು ಕಡೆ ದ್ರವ್ಯವು ದಟ್ಟವಾಗಿಯೂ ಇನ್ನೊಂದು ಕಡೆ ವಿರಳವಾಗಿಯೂ ಇರುವುದರಿಂದ ಗುರುತ್ವವು ಎಲ್ಲೆಡೆ ಒಂದೇ ಸಮನಾಗಿಲ್ಲ. ಗಾಳಿಯೂ ಅಲೆಯೂ ಪ್ರವಾಹವೂ ಇಲ್ಲದ ಶಾಂತ ಸಮುದ್ರವನ್ನು ಕಲ್ಪಿಸಿಕೊಂಡು, ಅದರ ನೀರನ್ನು ಸಣ್ಣ ಕಾಲುವೆಗಳ ಮೂಲಕ ಖಂಡಗಳ ಅಡಿಗೂ ಹರಿಯಬಿಟ್ಟರೆ ಅದು ಯಾವ ಮಟ್ಟದಲ್ಲಿ ನಿಲ್ಲುವುದೋ ಆ ಮೇಲ್ಮೈಗೆ ಜಿಯಾಯ್ಡ್ ಎಂದು ಹೆಸರು. ಜರ್ಮನಿಯ ಗಣಿತಜ್ಞ ಗೌಸ್ ಈ ಕಲ್ಪನೆಯನ್ನು ಮುಂದಿಟ್ಟನು. ಅವನ ಶಿಷ್ಯ ಲಿಸ್ಟಿಂಗ್ ಅದಕ್ಕೆ ಹೆಸರಿಟ್ಟನು. ಇದರ ಮೇಲ್ಮೈ ನುಣುಪಾದುದಲ್ಲ. ಅಲ್ಲಲ್ಲಿ ಉಬ್ಬಿದೆ, ಅಲ್ಲಲ್ಲಿ ತಗ್ಗಿದೆ.

ಸಮುದ್ರಮಟ್ಟದಿಂದ ಎತ್ತರ ಎಂದು ನಾವು ಹೇಳುವುದು ಈ ಜಿಯಾಯ್ಡಿನಿಂದ ಅಳೆದ ಎತ್ತರವನ್ನು. ಎರಡರ ವ್ಯತ್ಯಾಸ ಎಷ್ಟು ಮುಖ್ಯವೆಂಬುದಕ್ಕೆ ಒಂದು ಕಲ್ಪಿತ ಉದಾಹರಣೆ ಸಾಕು. ಒಂದು ಊರು ಗಣಿತಗೋಲದಿಂದ 100 ಮೀಟರು ಮೇಲಿದೆ, ಅಲ್ಲಿ ಜಿಯಾಯ್ಡು ಗಣಿತಗೋಲಕ್ಕಿಂತ 30 ಮೀಟರು ಕೆಳಗಿದೆ ಎನ್ನಿ. ನೀರಿನ ಲೆಕ್ಕದಲ್ಲಿ ಆ ಊರಿನ ಎತ್ತರ 130 ಮೀಟರು. ಎರಡನೆಯ ಊರು ಗಣಿತಗೋಲದಿಂದ 99.5 ಮೀಟರು ಮೇಲಿದ್ದು, ಅಲ್ಲಿ ಜಿಯಾಯ್ಡು 31 ಮೀಟರು ಕೆಳಗಿದ್ದರೆ ಅದರ ನಿಜವಾದ ಎತ್ತರ 130.5 ಮೀಟರು. ಉಪಗ್ರಹದ ಎತ್ತರವನ್ನು ಮಾತ್ರ ನೋಡಿದ ಇಂಜಿನಿಯರು ಮೊದಲನೆಯ ಊರಿನಿಂದ ಎರಡನೆಯದಕ್ಕೆ ಕಾಲುವೆಯನ್ನು ತೋಡುತ್ತಾನೆ. ನೀರು ಹಿಂದಕ್ಕೆ ಹರಿಯುತ್ತದೆ!

ಆದುದರಿಂದ ಪ್ರತಿಯೊಂದು ಸ್ಥಳದಲ್ಲಿಯೂ ಜಿಯಾಯ್ಡು ಗಣಿತಗೋಲದಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಹೇಳುವ ನಕ್ಷೆಯೊಂದು ಬೇಕು. ಇದನ್ನು ಎತ್ತರದ ಮಾದರಿ ಎನ್ನಬಹುದು. ಈ ಮಾದರಿ ಎಷ್ಟು ಶುದ್ಧವೋ ಉಪಗ್ರಹದಿಂದ ಪಡೆದ ಎತ್ತರವೂ ಅಷ್ಟೇ ಶುದ್ಧ.

ನಾಲ್ಕು ಗಂಟೆಗಳ ದಾನ

ಮಾದರಿಯನ್ನು ಪರೀಕ್ಷಿಸುವ ಉಪಾಯ ಸುಲಭವಾಗಿದೆ. ಹಳೆಯ ವಿಧಾನದಿಂದ ಎತ್ತರವನ್ನು ನಿರ್ಧರಿಸಿದ ಬಿಲ್ಲೆಯೊಂದರ ಮೇಲೆ ಜಿ.ಪಿ.ಎಸ್. ಉಪಕರಣವನ್ನು ನಿಲ್ಲಿಸಿ ಅಳೆಯಬೇಕು. ಒಂದೇ ಬಿಂದುವಿಗೆ ಎರಡು ಎತ್ತರಗಳು ದೊರೆತವು. ಅವುಗಳ ಅಂತರವೇ ಆ ಸ್ಥಳದಲ್ಲಿ ಮಾದರಿಯು ಹೇಳಬೇಕಾದ ಸಂಖ್ಯೆ. ಆದರೆ ಇದನ್ನು ಒಂದೆರಡು ಕಡೆ ಮಾಡಿದರೆ ಸಾಲದು. ದೇಶದ ಉದ್ದಗಲಕ್ಕೂ ಸಾವಿರಾರು ಕಡೆ ಮಾಡಬೇಕು. ಅಷ್ಟು ಜನರನ್ನು ಎಲ್ಲಿಂದ ತರುವುದು?

ಅಮೆರಿಕದಲ್ಲಿ ಈ ಕಾರ್ಯದ ಹೊಣೆ ಹೊತ್ತಿರುವುದು ನ್ಯಾಷನಲ್ ಜಿಯೊಡೆಟಿಕ್ ಸರ್ವೆ ಎಂಬ ಸರ್ಕಾರಿ ಇಲಾಖೆ. 1807ರಲ್ಲಿ ಅಧ್ಯಕ್ಷ ಜೆಫರ್ಸನ್ನನ ಕಾಲದಲ್ಲಿ ಕರಾವಳಿಯ ಮೋಜಣಿಗಾಗಿ ಹುಟ್ಟಿದ ಸಂಸ್ಥೆಯೇ ಇದರ ಮೂಲ. ದೇಶದ ಪ್ರತಿಯೊಂದು ಬಿಲ್ಲೆಯ ಬಳಿಗೂ ತನ್ನ ನೌಕರರನ್ನು ಕಳುಹಿಸುವುದು ಇದಕ್ಕೆ ಸಾಧ್ಯವಿರಲಿಲ್ಲ. ಆದರೆ ಊರೂರುಗಳಲ್ಲಿ ಖಾಸಗಿ ಭೂಮಾಪಕರಿದ್ದರು. ಅವರ ಬಳಿ ಬೆಲೆಬಾಳುವ ಉಪಕರಣಗಳಿದ್ದವು. 2001ರಿಂದ ಈ ಇಲಾಖೆಯು ಓಪಸ್ ಎಂಬ ಉಚಿತ ಗಣನಸೇವೆಯನ್ನು ನಡೆಸುತ್ತಿದ್ದಿತು. ಅಳತೆಯ ಕಡತವನ್ನು ಕಳುಹಿಸಿದರೆ, ಸ್ಥಿರವಾಗಿ ನೆಟ್ಟಿರುವ ಉಲ್ಲೇಖ ಕೇಂದ್ರಗಳ ದಾಖಲೆಯೊಡನೆ ಅದನ್ನು ಹೋಲಿಸಿ ಗಣಕಯಂತ್ರವು ಉತ್ತರವನ್ನು ಕೊಡುತ್ತದೆ. ಇದನ್ನೇ ಉಪಯೋಗಿಸಿ, ನಿಮ್ಮ ಊರಿನ ಬಿಲ್ಲೆಯನ್ನು ನೀವೇ ಅಳೆದು ಫಲಿತಾಂಶವನ್ನು ಎಲ್ಲರೊಡನೆ ಹಂಚಿಕೊಳ್ಳಿರಿ ಎಂದು ಇಲಾಖೆಯು ಭೂಮಾಪಕರನ್ನು ಕೇಳಿಕೊಂಡಿತು. ‘ಮಟ್ಟಗುರುತುಗಳ ಮೇಲೆ ಜಿ.ಪಿ.ಎಸ್.’ ಎಂಬುದೇ ಈ ಕಾರ್ಯಕ್ರಮದ ಹೆಸರು. ಖಾಸಗಿ ಭೂಮಾಪಕರೂ ರಾಜ್ಯಗಳ ಸಾರಿಗೆ ಇಲಾಖೆಯವರೂ ಕಾಲೇಜಿನ ವಿದ್ಯಾರ್ಥಿಗಳೂ ಮುಂದೆ ಬಂದರು.

ಅಂತಹ ಒಬ್ಬ ಭೂಮಾಪಕನ ಹಿಂದೆ ನಾವೂ ಹೊರಡೋಣ. ಅವನ ಮೊದಲ ಕಷ್ಟ ಬಿಲ್ಲೆಯನ್ನು ಹುಡುಕುವುದು. ನ್ಯಾಯಾಲಯದಿಂದ ದಕ್ಷಿಣಕ್ಕೆ ಇಷ್ಟು ಮೈಲಿ, ಶಾಲೆಯ ಎದುರಿಗೆ, ರಸ್ತೆಯ ನಡುವಿನಿಂದ ಇಷ್ಟು ಅಡಿ ಎಂದು ಹಳೆಯ ವಿವರಣೆಯಿರುತ್ತದೆ. ಅದನ್ನು ಬರೆದು ಅರವತ್ತು ಎಪ್ಪತ್ತು ವರ್ಷಗಳಾಗಿರಬಹುದು. ಶಾಲೆಯು ಮುಚ್ಚಿಹೋಗಿದೆ, ರಸ್ತೆಯು ಅಗಲವಾಗಿದೆ. ಲೋಹಶೋಧಕವನ್ನು ಹಿಡಿದು ಹುಲ್ಲನ್ನು ಸರಿಸಿ ಮಣ್ಣನ್ನು ಕೆದಕಬೇಕು. ಬಿಲ್ಲೆಯು ಸಿಕ್ಕಿತೋ, ಅದರ ಮೇಲೆ ಉಪಗ್ರಹಗಳು ಕಾಣುವಷ್ಟು ತೆರೆದ ಆಕಾಶವಿದೆಯೋ ಎಂದು ನೋಡಬೇಕು. ಮರದ ನೆರಳಿನಲ್ಲಿಯೂ ಎತ್ತರದ ಗೋಡೆಯ ಪಕ್ಕದಲ್ಲಿಯೂ ಸಂಕೇತಗಳು ಕೆಡುತ್ತವೆ. ಬಿಲ್ಲೆಯು ಸಿಗದೆ ಹೋದರೆ ಅದನ್ನೂ ಬರೆದು ತಿಳಿಸುವುದು ಪ್ರಯೋಜನಕರವೇ. ಮುಂದಿನವರ ಒಂದು ದಿನ ಉಳಿಯುತ್ತದೆ.

ಬಳಿಕ ಮುಕ್ಕಾಲಿಯನ್ನು ನಿಲ್ಲಿಸಿ, ಆಂಟೆನಾದ ನಡು ಬಿಲ್ಲೆಯ ನಡುವಿನ ನೇರಕ್ಕೆ ಬರುವಂತೆ ಮಾಡಿ, ಬಿಲ್ಲೆಯಿಂದ ಆಂಟೆನಾ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಅಳೆಯಬೇಕು. ಇಷ್ಟೆಲ್ಲ ಸೂಕ್ಷ್ಮ ಯಂತ್ರಗಳ ನಡುವೆ ಹೆಚ್ಚು ತಪ್ಪಾಗುವುದು ಈ ಸಾಮಾನ್ಯ ಅಳತೆಯಲ್ಲಿಯೇ! ಅದಕ್ಕಾಗಿ ಅನೇಕರು ಸರಿಯಾಗಿ ಎರಡು ಮೀಟರು ಉದ್ದದ ಸ್ಥಿರವಾದ ಕೋಲನ್ನೇ ಬಳಸುತ್ತಾರೆ. ಮುಂದೆ ಕನಿಷ್ಠ ನಾಲ್ಕು ಗಂಟೆಗಳ ಕಾಲ ಉಪಕರಣವನ್ನು ಮುಟ್ಟದೆ ಬಿಡಬೇಕು.

ನಾಲ್ಕು ಗಂಟೆ ಏಕೆ? ಪೂರ್ವ ಪಶ್ಚಿಮ ಉತ್ತರ ದಕ್ಷಿಣಗಳಲ್ಲಿ ಉಪಗ್ರಹಗಳು ನಮ್ಮ ಎರಡೂ ಕಡೆಗಳಲ್ಲಿರುವುದರಿಂದ ಒಂದು ಕಡೆಯ ತಪ್ಪನ್ನು ಇನ್ನೊಂದು ಕಡೆಯದು ಬಹುಮಟ್ಟಿಗೆ ತಿದ್ದುತ್ತದೆ. ಎತ್ತರದ ದಿಕ್ಕಿನಲ್ಲಿ ಹಾಗಿಲ್ಲ. ನಮ್ಮ ಪಾದದಡಿಯ ಉಪಗ್ರಹಗಳನ್ನು ಭೂಮಿಯೇ ಮರೆಮಾಡಿದೆ, ಕಾಣುವುವೆಲ್ಲ ಮೇಲಿನವು. ವಾಯುಮಂಡಲದ ತೇವಾಂಶವು ಸಂಕೇತವನ್ನು ತುಸು ತಡಮಾಡಿದರೆ ಆ ದೋಷ ನೇರವಾಗಿ ಎತ್ತರದ ಮೇಲೆ ಬೀಳುತ್ತದೆ. ಉಪಗ್ರಹಗಳು ಆಕಾಶದಲ್ಲಿ ಸಾಕಷ್ಟು ದೂರ ಸರಿದಾಗ ಮಾತ್ರ ಈ ದೋಷವನ್ನು ಬೇರ್ಪಡಿಸಬಹುದು. ಸಾಧ್ಯವಾದರೆ ಇನ್ನೊಂದು ದಿನ ಬೇರೆ ಹೊತ್ತಿನಲ್ಲಿ ಅಳತೆಯನ್ನು ಮತ್ತೊಮ್ಮೆ ಮಾಡಬೇಕು. ಬೇರೆ ಹೊತ್ತು ಏಕೆಂದರೆ, ಜಿ.ಪಿ.ಎಸ್. ಉಪಗ್ರಹಗಳು ದಿನದಿನವೂ ಸುಮಾರು ನಾಲ್ಕು ನಿಮಿಷ ಮುಂಚಿತವಾಗಿ ಅದೇ ಸ್ಥಾನಗಳಿಗೆ ಮರಳುತ್ತವೆ. ಅದೇ ಹೊತ್ತಿಗೆ ಅಳೆದರೆ ಆಕಾಶದ ಜೋಡಣೆಯೂ ಅದೇ, ಅದರ ತಪ್ಪೂ ಅದೇ. ಕೊನೆಗೆ ಬಿಲ್ಲೆಯ ಮೇಲಿನ ಅಕ್ಷರಗಳು ಓದಬರುವಂತಹ ಒಂದು ಚಿತ್ರವನ್ನೂ ಉಪಕರಣವು ನಿಂತ ಸ್ಥಳದ ಇನ್ನೊಂದು ಚಿತ್ರವನ್ನೂ ತೆಗೆದು, ಕಡತದೊಡನೆ ಕಳುಹಿಸಿದರೆ ಅವನ ಕೆಲಸ ಮುಗಿಯಿತು.

ಮುಳುಗಿದ ಗುರುತನ್ನು ಗುರುತಿಸುವುದು

ಈ ಅಳತೆಗಳಿಂದ ಏನು ತಿಳಿಯುತ್ತದೆ ಎಂಬುದನ್ನು ಕಲ್ಪಿತ ಅಂಕಿಗಳಿಂದ ನೋಡೋಣ. ಬಿಲ್ಲೆಯೊಂದರ ಹಳೆಯ ಎತ್ತರ 241.902 ಮೀಟರು, ಜಿ.ಪಿ.ಎಸ್. ಹೇಳುವ ಎತ್ತರ 212.437 ಮೀಟರು. ಅಂತರ 29.465 ಮೀಟರು. ಗುರುತ್ವದ ಅಳತೆಯಿಂದ ಮಾತ್ರ ರಚಿಸಿದ ಮಾದರಿಯು ಅಲ್ಲಿ 29.025 ಮೀಟರು ಎನ್ನುತ್ತದೆ. ಹೊಂದಿಕೆಯಾಗದೆ ಉಳಿದುದು 44 ಸೆಂಟಿಮೀಟರು. ಸುತ್ತಲಿನ ಬಿಲ್ಲೆಗಳಲ್ಲಿಯೂ ಇದು 43, 45, 44 ಹೀಗೆ ಬಂದರೆ ಅದು ಆ ಸೀಮೆಯಲ್ಲಿ ಆಧಾರಮಟ್ಟವೇ ತಪ್ಪಿರುವ ಪ್ರಮಾಣ. ಆ ಉಳಿಕೆಗಳನ್ನೆಲ್ಲ ನುಣುಪಾದ ಮೇಲ್ಮೈಯಾಗಿ ಹೆಣೆದು ಗುರುತ್ವದ ಮಾದರಿಗೆ ಸೇರಿಸುತ್ತಾರೆ. ಹೀಗೆ ಹುಟ್ಟಿದ ಮಿಶ್ರ ಮಾದರಿಯನ್ನು ಬಳಸಿದ ಭೂಮಾಪಕನಿಗೆ, ತನ್ನ ನಾಡಿನ ನಕ್ಷೆಗಳೂ ಕಾನೂನುಗಳೂ ಯಾವ ಎತ್ತರವನ್ನು ಒಪ್ಪಿವೆಯೋ ಆ ಎತ್ತರವೇ ಉಪಗ್ರಹದಿಂದ ದೊರೆಯುತ್ತದೆ.

ಆದರೆ ಒಂದು ಬಿಲ್ಲೆಯಲ್ಲಿ ಮಾತ್ರ ಉಳಿಕೆಯು 60 ಸೆಂಟಿಮೀಟರು ಎಂದು ಬಂದರೆ? ಅಳೆದವನು ಆಂಟೆನಾದ ಎತ್ತರವನ್ನು ತಪ್ಪಾಗಿ ಬರೆದಿರಬಹುದು. ಅಥವಾ ಆ ಬಿಲ್ಲೆಯೇ 16 ಸೆಂಟಿಮೀಟರು ಕುಸಿದಿರಬಹುದು. ಎರಡನೆಯ ದಿನದ ಅಳತೆ ಬೇಕಾಗುವುದು ಇಲ್ಲಿ. ಅದೂ 60 ಎಂದರೆ ಬಿಲ್ಲೆಯನ್ನು ನಂಬುವಂತಿಲ್ಲ. ನೆಲವು ಕುಸಿಯುವುದು ಅಪರೂಪವಲ್ಲ. ಕ್ಯಾಲಿಫೋರ್ನಿಯದ ಸ್ಯಾನ್ ವಾಕೀನ್ ಕಣಿವೆಯಲ್ಲಿ ಬೇಸಾಯಕ್ಕಾಗಿ ಅಂತರ್ಜಲವನ್ನು ಹೀರಿದುದರಿಂದ 1925 ಮತ್ತು 1977ರ ನಡುವೆ ಒಂದು ಕಡೆ ನೆಲವು ಸುಮಾರು ಒಂಬತ್ತು ಮೀಟರು ಕುಸಿಯಿತು. ಟೆಕ್ಸಾಸಿನ ಹ್ಯೂಸ್ಟನ್ ಸುತ್ತಿನಲ್ಲಿಯೂ ಕೆಲವೆಡೆ ಸುಮಾರು ಮೂರು ಮೀಟರು ಕುಸಿದಿದೆ. ಬಿಲ್ಲೆಯ ದಾಖಲೆಯಲ್ಲಿ ಮಾತ್ರ ಹಳೆಯ ಎತ್ತರವೇ ಉಳಿದಿರುತ್ತದೆ.

ಇದರಿಂದ ಏನು ಕೇಡಾಗಬಹುದು ಎಂಬುದನ್ನು ನ್ಯೂ ಆರ್ಲಿಯನ್ಸ್ ನಗರವು ಕಂಡಿದೆ. 2005ರ ಆಗಸ್ಟ್ 29ರಂದು ಕತ್ರಿನಾ ಎಂಬ ಚಂಡಮಾರುತವು ಅಪ್ಪಳಿಸಿದಾಗ ಪ್ರವಾಹದ ಗೋಡೆಗಳು ಒಡೆದು ನಗರವು ಮುಳುಗಿತು. ಗೋಡೆಗಳು ಬೀಳಲು ತಳಪಾಯದ ದೌರ್ಬಲ್ಯವೇ ಮೊದಲಾದ ಕಾರಣಗಳೂ ಇದ್ದವು. ಆದರೆ ಅನಂತರ ನಡೆದ ತನಿಖೆಯಲ್ಲಿ ಇನ್ನೊಂದು ಸಂಗತಿ ಹೊರಬಿದ್ದಿತು. ಕೆಲವು ಗೋಡೆಗಳನ್ನು ಕಟ್ಟುವಾಗ ಮೋಜಣಿಯ ಆಧಾರಮಟ್ಟವೂ ಸ್ಥಳೀಯ ಸಮುದ್ರಮಟ್ಟವೂ ಒಂದೇ ಎಂದು ಭಾವಿಸಿದ್ದರು. ಅವು ಒಂದೇ ಆಗಿರಲಿಲ್ಲ. ಉದ್ದೇಶಿಸಿದ ಎತ್ತರಕ್ಕಿಂತ ಒಂದೆರಡು ಅಡಿ ತಗ್ಗಾಗಿಯೇ ಆ ಗೋಡೆಗಳು ಎದ್ದಿದ್ದವು. ಮೇಲಾಗಿ ನೆಲವೂ ಕುಸಿಯುತ್ತ ಬಂದಿತ್ತು. ಕಾಗದದ ಮೇಲಿನ ಎತ್ತರವನ್ನು ನಂಬಿ ಜನರು ಗೋಡೆಯ ಹಿಂದೆ ನಿದ್ರಿಸುತ್ತಿದ್ದರು. ಭೂಮಾಪಕನು ಬಿಸಿಲಿನಲ್ಲಿ ನಾಲ್ಕು ಗಂಟೆ ಕಾದು ಕೂಡುವುದು ಏತಕ್ಕೆ ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ಫಲವೂ ಮುಂದಿನ ಕೆಲಸವೂ

2018ರ ಆಗಸ್ಟ್ ತಿಂಗಳ ಕೊನೆಯವರೆಗೆ ಬಂದ ಅಳತೆಗಳನ್ನು ಸೇರಿಸಿಕೊಂಡು ಇಲಾಖೆಯು 2019ರಲ್ಲಿ ‘ಜಿಯಾಯ್ಡ್ 18’ ಎಂಬ ಹೊಸ ಮಿಶ್ರ ಮಾದರಿಯನ್ನು ಪ್ರಕಟಿಸಿತು. ಅದಕ್ಕೆ ಆಧಾರವಾದ ಬಿಲ್ಲೆಗಳು ಮೂವತ್ತು ಸಾವಿರಕ್ಕೂ ಮಿಕ್ಕಿದ್ದವು. ಮೊದಲು ಅಳತೆಗಳಿಲ್ಲದೆ ಬರಿದಾಗಿದ್ದ ಎಷ್ಟೋ ಸೀಮೆಗಳು ಸ್ವಯಂಸೇವಕರ ಶ್ರಮದಿಂದ ತುಂಬಿದವು. ಅಳೆದವನಿಗೆ ಸಂಬಳವಿಲ್ಲದಿದ್ದರೂ ಪ್ರತಿಫಲವುಂಟು: ತನ್ನ ಊರಿನ ಬಿಲ್ಲೆಯನ್ನು ಅಳೆದುಕೊಟ್ಟರೆ ತನ್ನ ಊರಿನಲ್ಲಿಯೇ ಮಾದರಿಯು ಹೆಚ್ಚು ನಿಖರವಾಗುತ್ತದೆ.

ಮಿಶ್ರ ಮಾದರಿಯು ಓರೆಯಾದ ಆಧಾರಮಟ್ಟಕ್ಕೆ ಹೊಂದಿಕೊಳ್ಳುತ್ತದೆಯೇ ಹೊರತು ಓರೆಯನ್ನು ತಿದ್ದುವುದಿಲ್ಲ. ಅದಕ್ಕಾಗಿ ಇಲಾಖೆಯು 2007ರಲ್ಲಿಯೇ ಇನ್ನೊಂದು ಯೋಜನೆಯನ್ನು ಹಾಕಿಕೊಂಡು, ವಿಮಾನಗಳಲ್ಲಿ ಗುರುತ್ವಮಾಪಕಗಳನ್ನಿಟ್ಟು ದೇಶದ ಮೇಲೆಲ್ಲ ಹಾರಿಸಿ ಗುರುತ್ವವನ್ನು ಅಳೆಯಿಸಿತು. ಇದರಿಂದ ರೂಪುಗೊಂಡ ಹೊಸ ವ್ಯವಸ್ಥೆಯಲ್ಲಿ ಸೊನ್ನೆಯ ಮಟ್ಟವನ್ನು ಬಿಲ್ಲೆಗಳು ನಿರ್ಧರಿಸುವುದಿಲ್ಲ. ಗುರುತ್ವದ ಮಾದರಿಯೇ ನಿರ್ಧರಿಸುತ್ತದೆ. ಅದರ ಹೆಸರಿನಲ್ಲಿ 2022 ಎಂಬ ವರ್ಷವಿದ್ದರೂ ಆ ವರ್ಷಕ್ಕೆ ಕೆಲಸ ಮುಗಿಯಲಿಲ್ಲ. ಈ ವ್ಯವಸ್ಥೆಯಲ್ಲಿ ದೇಶದ ವಾಯವ್ಯ ಮೂಲೆಯ ಎತ್ತರಗಳು ಒಂದು ಮೀಟರಿಗೂ ಮಿಕ್ಕಿ ತಗ್ಗುತ್ತವೆ; ಫ್ಲಾರಿಡದಲ್ಲಿ ಬದಲಾವಣೆ ಅತ್ಯಲ್ಪ.

ಹಾಗಾದರೆ ಸ್ವಯಂಸೇವಕರ ದುಡಿಮೆ ವ್ಯರ್ಥವಾಯಿತೆ? ಇಲ್ಲ. ಪ್ರವಾಹದ ನಕ್ಷೆಗಳು, ಸೇತುವೆಗಳ ವಿನ್ಯಾಸಗಳು, ಮನೆಗಳ ಎತ್ತರದ ಪ್ರಮಾಣಪತ್ರಗಳು, ಇವೆಲ್ಲವೂ ಹಳೆಯ ಎತ್ತರಗಳಲ್ಲಿಯೇ ಬರೆದಿಟ್ಟವು. ಅವುಗಳನ್ನು ಹೊಸ ಲೆಕ್ಕಕ್ಕೆ ಪರಿವರ್ತಿಸಬೇಕಾದರೆ ಒಂದೇ ಬಿಂದುವಿನ ಎರಡೂ ಎತ್ತರಗಳು ತಿಳಿದಿರಬೇಕು. ಅವು ಎರಡೂ ಇರುವುದು ಯಾರೋ ಒಬ್ಬನು ಕಾದು ಕುಳಿತು ಅಳೆದ ಬಿಲ್ಲೆಗಳಲ್ಲಿಯೇ. ಆ ಕೆಲಸಕ್ಕೆಂದೇ ಮುಂದೆಯೂ ಬಿಲ್ಲೆಗಳ ಪಟ್ಟಿಯನ್ನು ಪ್ರಕಟಿಸಿ ಅಳತೆಗಳನ್ನು ಕೇಳಿದರು.

ನಮ್ಮ ದೇಶದಲ್ಲಿಯೂ ಈ ವಿಷಯಕ್ಕೆ ಮಹತ್ತ್ವವಿದೆ. 1909ರಲ್ಲಿ ಭಾರತದ ಮೋಜಣಿ ಇಲಾಖೆಯು ಎತ್ತರಗಳ ಲೆಕ್ಕಕ್ಕೆ ಆಧಾರವಾಗಿ ಹಿಡಿದ ಒಂಬತ್ತು ಬಂದರುಗಳಲ್ಲಿ ನಮ್ಮ ಕಾರವಾರವೂ ಒಂದು. ಇನ್ನು ಜಿಯಾಯ್ಡಿನ ಮಾತೆಂದರೆ, ಪ್ರಪಂಚದಲ್ಲಿ ಅದು ಎಲ್ಲಕ್ಕಿಂತ ಆಳವಾಗಿ ತಗ್ಗಿರುವುದು ಶ್ರೀಲಂಕೆಯ ದಕ್ಷಿಣದ ಸಮುದ್ರದಲ್ಲಿ. ಅಲ್ಲಿ ಗಣಿತಗೋಲಕ್ಕಿಂತ ಸುಮಾರು 106 ಮೀಟರು ಕೆಳಗಿದೆ. ಈ ತಗ್ಗಿನ ಕಾರಣವನ್ನು ಕುರಿತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2023ರಲ್ಲಿ ಒಂದು ವಿವರಣೆಯನ್ನು ಪ್ರಕಟಿಸಿದ್ದಾರೆ. ಆ ತಗ್ಗಿನ ಇಳಿಜಾರಿನಲ್ಲಿಯೇ ದಕ್ಷಿಣ ಭಾರತವಿದೆ. ಬೆಂಗಳೂರಿನಲ್ಲಿ ಜಿಯಾಯ್ಡು ಗಣಿತಗೋಲಕ್ಕಿಂತ ಎಂಬತ್ತು ಮೀಟರಿಗೂ ಹೆಚ್ಚು ಕೆಳಗಿರುವುದರಿಂದ, ತಿದ್ದದೆ ಬಿಟ್ಟ ಉಪಗ್ರಹದ ಎತ್ತರವು ರೈಲು ನಿಲ್ದಾಣದ ಹಲಗೆಯ ಸಂಖ್ಯೆಗಿಂತ ಅಷ್ಟರಮಟ್ಟಿಗೆ ಕಡಮೆಯಾಗಿ ಬರುತ್ತದೆ. ಎರಡೂ ಸುಳ್ಳಲ್ಲ, ಎರಡರ ಸೊನ್ನೆ ಬೇರೆ.

ಜಿ.ಟಿ.ಎಸ್. ಎಂಬ ಇಂಗ್ಲಿಷ್ ಅಕ್ಷರಗಳನ್ನು ಕೊರೆದ ಹಳೆಯ ಕಲ್ಲು ವಾಚಕರಿಗೆ ಎಲ್ಲಿಯಾದರೂ ಕಂಡರೆ ಅದು ನಮ್ಮ ದೇಶದ ಮಟ್ಟಗುರುತೆಂದು ತಿಳಿಯಬೇಕು. ರಸ್ತೆ ಅಗಲಮಾಡುವವರೋ ಗೋಡೆ ಕಟ್ಟುವವರೋ ಅದನ್ನು ಕೀಳಲು ಹೊರಟರೆ, ಅದೇನೆಂಬುದನ್ನು ಒಂದು ಮಾತು ತಿಳಿಸಿ ಹೇಳುವುದು ಒಳ್ಳೆಯದು. ಒಮ್ಮೆ ಕಿತ್ತ ಕಲ್ಲನ್ನು ಪುನಃ ಅದೇ ಸ್ಥಳದಲ್ಲಿ ನೆಡಬಹುದು; ಅದರ ಎತ್ತರವನ್ನು ಮಾತ್ರ ಮತ್ತೆ ದೂರದಿಂದ, ಹೆಜ್ಜೆಹೆಜ್ಜೆಯಾಗಿಯೇ ಹೊತ್ತು ತರಬೇಕಾಗುತ್ತದೆ.